ಸೌಂಡ್ ಆಮೇಲೆ, ಮೊದಲು ಬ್ರೇಕ್

ಹಳೇ ಕಾರೊಂದನ್ನ ಮಾಡಿಫೈ ಮಾಡಿಸಿ ಕ್ಯಾಂಪಸ್‌ಗೆ ತಂದ್ರೆ ಸುತ್ತ ನಿಂತವರು ಏನೇನು ಕೇಳ್ತಾರೆ ಅಂತ ನಿಮಗೂ ಗೊತ್ತು. ಯಾವ ಇಂಜಿನ್? ಎಷ್ಟು ಸಿಸಿ? ಸೈಲೆನ್ಸರ್ ಎಲ್ಲಿ ಮಾಡಿಸಿದ್ದು? ಒಂದ್ಸಲ ರೇಸ್ ಮಾಡು ಗುರು, ಸೌಂಡ್ ಕೇಳೋಣ! ಬ್ರೇಕ್ ಹೇಗಿದೆ ಅಂತ ಕೇಳಿದವರನ್ನ ನಾನಂತೂ ಇದುವರೆಗೆ ನೋಡಿಲ್ಲ. ಈ ಲೇಖನ ಆ ಯಾರೂ ಕೇಳದ ಪ್ರಶ್ನೆಯ ಬಗ್ಗೆ. ನನ್ನ ವಾದ ಇಷ್ಟೇ: ಇಂಜಿನ್‌ಗೆ ಕೈ ಹಾಕಿದವನು ಬ್ರೇಕ್‌ಗೂ ಕೈ ಹಾಕಿದ ಹಾಗೇ, ಅವನಿಗೆ ಗೊತ್ತಿರಲಿ, ಗೊತ್ತಿಲ್ಲದಿರಲಿ. ಇವೆರಡನ್ನೂ ಒಂದು ರಬ್ಬರ್ ಪೈಪ್ ಜೋಡಿಸಿದೆ. ಆ ಪೈಪ್ ಒಳಗಿರೋದು ವ್ಯಾಕಂ.

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ತುಮಕೂರು ಅಂತ ಒಂದು ಜಿಲ್ಲೆ, ಮಧುಗಿರಿ ಅಂತ ಇನ್ನೊಂದು ಜಿಲ್ಲೆ ಬರುತ್ತಲ್ಲ, ಆ ಎರಡನೇದು ನಮ್ಮದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕಿನ ಹುಡುಗರು ನಮ್ಮ ಕಾಲೇಜಲ್ಲೂ ಕಡಿಮೆ ಇಲ್ಲ. ನಮ್ಮ ಕಡೆ ಹಳೇ ಮನೆಗಳ ಕೊಟ್ಟಿಗೆ ಪಕ್ಕದಲ್ಲಿ ಟಾರ್ಪಾಲ್ ಹೊದ್ದು ನಿಂತಿರೋ ಅಂಬಾಸಿಡರ್, ಪದ್ಮಿನಿ, ಜೀಪ್‌ಗಳು ಇನ್ನೂ ಸಿಗ್ತವೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತುಹೋಯ್ತು. ಆಮೇಲೆ ಅದರ ಮೇಲೆ ಪ್ರೀತಿ ಇನ್ನೂ ಜಾಸ್ತಿ ಆಗಿದೆ. ತಾತನ ಕಾರು, ಹೊಸ ಪೇಂಟು, ದೊಡ್ಡ ಇಂಜಿನ್ನು: ಇದು ಎಷ್ಟೋ ಜನರ ಕನಸು. ನನ್ನದೂ ಅದೇ. ಹಾಗಾಗಿ ನಾನು ಮಾಡಿಫಿಕೇಶನ್ ಬೇಡ ಅಂತ ಹೇಳೋಕೆ ಬಂದವನಲ್ಲ.

ಎಳನೀರು ಮತ್ತು ಬೂಸ್ಟರ್

ಪುಸ್ತಕದ ಕನ್ನಡದಲ್ಲಿ ಇದಕ್ಕೆ ನಿರ್ವಾತ ಅಂತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಆ ಪದ ಈ ಲೇಖನ ಬರೆಯೋವಾಗಲೇ ಸಿಕ್ಕಿದ್ದು. ಗ್ಯಾರೇಜ್‌ನಲ್ಲಿ ಎಲ್ಲರೂ ಹೇಳೋ ಹಾಗೆ ವ್ಯಾಕಂ ಅಂತಲೇ ಬರೀತೀನಿ.

ಎಳನೀರು ಕುಡಿಯೋ ಸ್ಟ್ರಾ ತಗೊಳ್ಳಿ. ಕೆಳಗಿನ ತುದಿಯನ್ನ ಬೆರಳಲ್ಲಿ ಮುಚ್ಚಿ ಜೋರಾಗಿ ಎಳೀರಿ. ಕೆನ್ನೆ ಒಳಗೆ ಹೋಗುತ್ತೆ. ಪೆಟ್ರೋಲ್ ಇಂಜಿನ್‌ನಲ್ಲಿ ಆಗೋದೂ ಇದೇ. ಪಿಸ್ಟನ್ ಕೆಳಗೆ ಇಳಿಯುತ್ತಾ ಗಾಳಿ ಎಳೆಯುತ್ತೆ. ನಾವು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಥ್ರಾಟಲ್ ಅನ್ನೋ ಬಾಗಿಲು ಮುಚ್ಚಿಕೊಳ್ಳುತ್ತೆ. ಅದು ಸ್ಟ್ರಾ ಮುಚ್ಚಿದ ಬೆರಳು. ಅವೆರಡರ ನಡುವಿನ ಮ್ಯಾನಿಫೋಲ್ಡ್‌ನಲ್ಲಿ ಒತ್ತಡ ಕುಸಿಯುತ್ತೆ. ಚೆನ್ನಾಗಿರೋ ಸ್ಟಾಕ್ ಪೆಟ್ರೋಲ್ ಇಂಜಿನ್ ಐಡಲ್‌ನಲ್ಲಿ ಸುಮಾರು 17ರಿಂದ 21 ಇಂಚು ವ್ಯಾಕಂ ಕೊಡುತ್ತೆ. ಇಂಚು ಅಂದ್ರೆ ಪಾದರಸದ ಇಂಚು, ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನ ಮ್ಯಾನೋಮೀಟರ್‌ನಲ್ಲಿ ಓದ್ತೀವಲ್ಲ, ಅದೇ.

ಈ ಪುಕ್ಕಟೆ ವ್ಯಾಕಂ ಅನ್ನ ಕಾರು ಬ್ರೇಕ್‌ಗೆ ಬಳಸಿಕೊಳ್ಳುತ್ತೆ. ಬಾನೆಟ್ ತೆಗೆದಾಗ ಡ್ರೈವರ್ ಎದುರಿಗೆ ಬಾಣಲೆ ಕವುಚಿಟ್ಟ ಹಾಗೆ ಕಪ್ಪು ಬಣ್ಣದ ದುಂಡನೆ ಡಬ್ಬ ಕಾಣುತ್ತಲ್ಲ, ಅದೇ ಬ್ರೇಕ್ ಬೂಸ್ಟರ್. ಒಳಗೆ ಅಗಲವಾದ ರಬ್ಬರ್ ಡಯಾಫ್ರಮ್ ಇದೆ. ಸುಮ್ಮನಿದ್ದಾಗ ಅದರ ಎರಡೂ ಕಡೆ ವ್ಯಾಕಂ. ಪೆಡಲ್ ಒತ್ತಿದಾಗ ಪೆಡಲ್ ಕಡೆಯ ಭಾಗಕ್ಕೆ ಹೊರಗಿನ ಗಾಳಿ ನುಗ್ಗುತ್ತೆ, ಆಚೆ ಕಡೆ ವ್ಯಾಕಂ ಹಾಗೇ ಇರುತ್ತೆ. ಹೊರಗಿನ ಗಾಳಿಯೇ ಡಯಾಫ್ರಮ್ ಅನ್ನ ತಳ್ಳಿ ನಮ್ಮ ಕಾಲಿಗೆ ಜೊತೆ ಕೊಡುತ್ತೆ.

ಎಷ್ಟು ಜೊತೆ? ಲೆಕ್ಕ ಹಾಕೋಣ. ಡಯಾಫ್ರಮ್ ಅಡ್ಡಳತೆ 9 ಇಂಚು ಅಂದ್ರೆ ವಿಸ್ತೀರ್ಣ ಸುಮಾರು 410 ಚದರ ಸೆಂಟಿಮೀಟರ್. 18 ಇಂಚು ವ್ಯಾಕಂ ಅಂದ್ರೆ ಪ್ರತಿ ಚದರ ಸೆಂಟಿಮೀಟರ್‌ಗೆ 0.62 ಕೆಜಿ. ಗುಣಿಸಿದ್ರೆ ಹೆಚ್ಚೂಕಡಿಮೆ 250 ಕೆಜಿ. ವ್ಯಾಕಂ 9 ಇಂಚಿಗೆ ಇಳಿದ್ರೆ ಈ ಸಹಾಯವೂ ಅರ್ಧ, 125 ಕೆಜಿ.

ಈಗ ಕಾಲಿನ ಕಡೆ ಬನ್ನಿ. ಪೆಡಲ್‌ನ ಲಿವರ್ 4:1 ಇದೆ ಅಂತ ಇಟ್ಕೊಳ್ಳಿ. ಕಾಲಲ್ಲಿ 20 ಕೆಜಿ ಒತ್ತಿದ್ರೆ ರಾಡ್‌ಗೆ 80 ಕೆಜಿ. ಬೂಸ್ಟರ್‌ನ 250 ಸೇರಿ ಒಟ್ಟು 330. ವ್ಯಾಕಂ ಅರ್ಧ ಆದಾಗ ಅದೇ 330 ಬೇಕು ಅಂದ್ರೆ ಕಾಲು 51 ಕೆಜಿ ಒತ್ತಬೇಕು. ವ್ಯಾಕಂ ಇಲ್ಲವೇ ಇಲ್ಲ ಅಂದ್ರೆ 82 ಕೆಜಿ. ಬೂಸ್ಟರ್ ಪೂರ್ತಿ ದುಡಿಯುವಾಗಿನ ಲೆಕ್ಕ ಇದು, ಸರಳ ಮಾಡಿಕೊಂಡಿದ್ದೀನಿ, ನಿಜವಾದ ಕಾರಲ್ಲಿ ಅಂಕಿ ಸ್ವಲ್ಪ ಆಚೀಚೆ ಆಗುತ್ತೆ. ಆದ್ರೆ 20 ಎಲ್ಲಿ, 82 ಎಲ್ಲಿ! ಅಪ್ಪನ ಕಾಲು ಒತ್ತಬಹುದೇನೋ, ಅದೇ ಕಾರನ್ನ ಮನೆಯಲ್ಲಿ ಅಮ್ಮ ಓಡಿಸಿದ್ರೆ?

ನಮಗೆ ಇಷ್ಟವಾಗೋ ಆ ಸೌಂಡ್

ವ್ಯಾಕಂ ಯಾಕೆ ಕಡಿಮೆ ಆಗುತ್ತೆ? ಮುಖ್ಯ ಕಾರಣ ಕ್ಯಾಮ್‌ಶಾಫ್ಟ್. ಪವರ್ ಬೇಕು ಅಂತ ವಾಲ್ವ್‌ಗಳು ಜಾಸ್ತಿ ಹೊತ್ತು ತೆರೆದಿರೋ ಕ್ಯಾಮ್ ಹಾಕಿಸ್ತೀವಿ. ಅದರಲ್ಲಿ ಎಕ್ಸಾಸ್ಟ್ ವಾಲ್ವ್ ಇನ್ನೂ ಪೂರ್ತಿ ಮುಚ್ಚೋ ಮೊದಲೇ ಇನ್‌ಟೇಕ್ ವಾಲ್ವ್ ತೆರೆದುಕೊಳ್ಳುತ್ತೆ. ಎರಡೂ ಒಟ್ಟಿಗೆ ತೆರೆದಿರೋ ಆ ಹೊತ್ತಿಗೆ ಓವರ್‌ಲ್ಯಾಪ್ ಅಂತಾರೆ. 4,000 ಆರ್‌ಪಿಎಂ ಮೇಲೆ ಅದು ಒಳ್ಳೇದೇ. ಐಡಲ್‌ನಲ್ಲಿ ಮಾತ್ರ ಸುಟ್ಟ ಹೊಗೆ ವಾಪಸ್ ಇನ್‌ಟೇಕ್ ಕಡೆ ನುಗ್ಗುತ್ತೆ. ಹೊಸ ಮಿಶ್ರಣ ಹಾಳಾಗುತ್ತೆ, ಒಂದು ಸಿಲಿಂಡರ್ ಚೆನ್ನಾಗಿ ಹೊಡೆದ್ರೆ ಇನ್ನೊಂದು ಹೊಡೆಯಲ್ಲ. ಇಂಜಿನ್ ಆಫ್ ಆಗದಿರಲಿ ಅಂತ ಮೆಕ್ಯಾನಿಕ್ ಥ್ರಾಟಲ್ ಅನ್ನ ಇನ್ನೊಂದು ಚೂರು ತೆರೆದಿಡ್ತಾರೆ. ಅಂದ್ರೆ ಸ್ಟ್ರಾ ತುದಿಯ ಬೆರಳನ್ನ ಸಡಿಲ ಮಾಡಿದ ಹಾಗೆ. ದೊಡ್ಡ ಕ್ಯಾಮ್ ಹಾಕಿದ ಇಂಜಿನ್‌ನಲ್ಲಿ ಐಡಲ್ ವ್ಯಾಕಂ 10 ಇಂಚು, ಕೆಲವು ಸಲ ಅದಕ್ಕಿಂತ ಕೆಳಗೂ ಇಳಿಯುತ್ತೆ.

ಸಿಗ್ನಲ್‌ನಲ್ಲಿ ನಿಂತ ಕಾರು ಗುಡ್... ಗುಡ್‌ಗುಡ್... ಗುಡ್ ಅಂತ ಕುಂಟುತ್ತಾ ಮಿಡಿಯೋದನ್ನ ಕೇಳಿ ನಾವು ವಿಡಿಯೋ ಮಾಡ್ಕೊಳ್ತೀವಲ್ಲ, ಆ ಸದ್ದು ಹುಟ್ಟೋದೇ ಹೀಗೆ. ಬ್ರೇಕ್‌ಗೆ ಹೋಗಬೇಕಾದ ವ್ಯಾಕಂ ಕಮ್ಮಿಯಾಗಿರೋ ಸದ್ದು ಅದು.

ಇದಕ್ಕೆ ನಮ್ಮ ಊರುಗಳ ಎತ್ತರವನ್ನೂ ಸೇರಿಸಿ. ಬಯಲುಸೀಮೆ ಅಂತೀವಿ, ಆದ್ರೆ ಈ ನಾಲ್ಕೂ ಊರು ಸಮುದ್ರಮಟ್ಟದಿಂದ 2,000 ಅಡಿಗಿಂತ ಮೇಲಿವೆ. ಪ್ರತಿ 1,000 ಅಡಿಗೆ ಹೊರಗಿನ ಗಾಳಿಯ ಒತ್ತಡ ಹೆಚ್ಚೂಕಡಿಮೆ 1 ಇಂಚು ಕಡಿಮೆ ಆಗುತ್ತೆ. ಬೂಸ್ಟರ್‌ನಲ್ಲಿ ತಳ್ಳೋದೇ ಹೊರಗಿನ ಗಾಳಿ ಅಂತ ಆಗಲೇ ನೋಡಿದ್ವಿ. ಅಮೆರಿಕದ ಯಾರೋ ಕಡಲ ತೀರದ ಊರಲ್ಲಿ ಕೂತು "ಈ ಕ್ಯಾಮ್‌ಗೆ 12 ಇಂಚು ಸಿಗುತ್ತೆ, ತೊಂದ್ರೆ ಇಲ್ಲ" ಅಂತ ಹೇಳಿದ್ದನ್ನ ಕೇಳಿ ಇಲ್ಲಿ ಹಾಕಿಸಿದ್ರೆ ನಮಗೆ ಸಿಗೋದು ಸುಮಾರು 10.

ಹೈವೇಗಿಂತ ಜಾತ್ರೆಯೇ ಕಷ್ಟ

ಇಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. ಇಂಥ ಕಾರು ಶಿರಾ ಹತ್ತಿರ 48ನೇ ಹೆದ್ದಾರಿಯಲ್ಲಿ 80ರಲ್ಲಿ ಓಡ್ತಾ ಇದ್ದಾಗ ಗೇರ್‌ನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ರೆ ವ್ಯಾಕಂ ಚೆನ್ನಾಗೇ ಬರುತ್ತೆ. ಇಂಜಿನ್ ಜೋರಾಗಿ ತಿರುಗ್ತಾ ಇರುತ್ತೆ, ಥ್ರಾಟಲ್ ಮುಚ್ಚಿರುತ್ತೆ. ಬೂಸ್ಟರ್ ಬಾಯಲ್ಲಿರೋ ಚೆಕ್ ವಾಲ್ವ್ ಆ ವ್ಯಾಕಂ ಅನ್ನ ಹಿಡಿದಿಡುತ್ತೆ. ಮೊದಲ ಬ್ರೇಕ್ ಗಟ್ಟಿಯಾಗೇ ಹಿಡಿಯುತ್ತೆ. ಅದಕ್ಕೇ ಟೆಸ್ಟ್ ಡ್ರೈವ್ ಮಾಡಿದವರು "ಬ್ರೇಕ್ ಸೂಪರ್" ಅಂತ ಹೇಳಿ ಹೋಗ್ತಾರೆ.

ಮೋಸ ಇರೋದು ನಿಧಾನದಲ್ಲಿ. ಮಧುಗಿರಿಯಲ್ಲಿ ದಂಡಿನ ಮಾರಮ್ಮನ ಜಾತ್ರೆ ದಿನ, ಪಾವಗಡದಲ್ಲಿ ಶನಿಮಹಾತ್ಮನ ಗುಡಿ ಮುಂದೆ ಶನಿವಾರ, ಗೊರವನಹಳ್ಳಿ ಲಕ್ಷ್ಮಿ ದೇವಸ್ಥಾನದ ರಸ್ತೆಯಲ್ಲಿ ಶುಕ್ರವಾರ ಗಾಡಿ ಓಡಿಸಿ ನೋಡಿ. ಐಡಲ್‌ನಲ್ಲೇ ತೆವಳಬೇಕು. ಒಂದು ಬ್ರೇಕ್, ಎರಡು ಅಡಿ ಮುಂದೆ, ಇನ್ನೊಂದು ಬ್ರೇಕ್. ಪ್ರತಿ ಸಲ ಒತ್ತಿ ಬಿಟ್ಟಾಗ ಬೂಸ್ಟರ್‌ಗೆ ಒಂದಿಷ್ಟು ಗಾಳಿ ಸೇರುತ್ತೆ. ಇಂಜಿನ್ ಅದನ್ನ ಎಳೆದು ಖಾಲಿ ಮಾಡೋಕೆ ಮೊದಲೇ ನಾವು ಮತ್ತೆ ಒತ್ತಿರ್ತೀವಿ. ಮೂರನೇ, ನಾಲ್ಕನೇ ಸಲಕ್ಕೆ ಪೆಡಲ್ ಕಲ್ಲಾಗುತ್ತೆ. ಮುಂದೆ ಇರೋದು ಮಗು ಎತ್ತಿಕೊಂಡ ಹೆಂಗಸು, ಕಬ್ಬಿನ ಜಲ್ಲೆ ಹಿಡಿದ ಹುಡುಗ. ವೇಗ ಬರೀ 10 ಕಿಲೋಮೀಟರ್ ಇರಬಹುದು, ಆದ್ರೆ ಜಾಗ ಇರೋದು ಎರಡು ಅಡಿ.

ಇನ್ನೊಂದು ಅಭ್ಯಾಸ ಇದೆ ನಮ್ಮ ಕಡೆ. ಇಳಿಜಾರು ಬಂದ ಕೂಡಲೇ ಪೆಟ್ರೋಲ್ ಉಳಿಯಲಿ ಅಂತ ನ್ಯೂಟ್ರಲ್‌ಗೆ ಹಾಕೋದು. ಕೆಲವರು ಕೀ ಕೂಡ ಆಫ್ ಮಾಡ್ತಾರೆ. ದೇವರಾಯನದುರ್ಗದಿಂದ ಹೀಗೆ ಇಳಿದು ಬರೋರನ್ನ ನಾನೇ ನೋಡಿದ್ದೀನಿ. ಸ್ಟಾಕ್ ಕಾರಲ್ಲೂ ಇದು ತಪ್ಪು. ದೊಡ್ಡ ಕ್ಯಾಮ್ ಇರೋ ಕಾರಲ್ಲಿ ನ್ಯೂಟ್ರಲ್ ಅಂದ್ರೆ ಐಡಲ್, ಐಡಲ್ ಅಂದ್ರೆ 10 ಇಂಚು. ತಿರುವು ತಿರುವಿಗೂ ಬ್ರೇಕ್ ಬೇಕಾಗೋ ಜಾಗದಲ್ಲಿ ವ್ಯಾಕಂ ಹುಟ್ಟೋ ದಾರಿಯನ್ನೇ ಮುಚ್ಚಿಕೊಂಡ ಹಾಗೆ.

ಕಾಲಿನ ಶಕ್ತಿ ಸಾಲದೆ ಬ್ರೇಕ್ ಹಿಡಿತ ಅರ್ಧ ಆದ್ರೆ ಏನಾಗುತ್ತೆ ಅನ್ನೋದನ್ನ ಮೊದಲ ವರ್ಷದ ಫಿಸಿಕ್ಸ್ ಹೇಳುತ್ತೆ. 60ರಲ್ಲಿ ಹೋಗ್ತಾ 0.7 ಜಿ ಬ್ರೇಕ್ ಸಿಕ್ಕರೆ ಸುಮಾರು 20 ಮೀಟರ್‌ಗೆ ನಿಲ್ಲುತ್ತೆ. 0.35 ಜಿ ಸಿಕ್ಕರೆ 40 ಮೀಟರ್. ಪೆಡಲ್ ಮೇಲೆ ಕಾಲಿಡೋಕೆ ಹಿಡಿಯೋ ಒಂದು ಸೆಕೆಂಡು ಇದರಲ್ಲಿ ಸೇರಿಲ್ಲ.

ಡೀಸೆಲ್ ಹಾಕಿಸಿದವರ ಕಥೆ ಬೇರೆ

ನಮ್ಮ ಕಡೆ ರೇಸ್ ಕ್ಯಾಮ್‌ಗಿಂತ ಜಾಸ್ತಿ ನಡೆಯೋದು ಇಂಜಿನ್ ಬದಲಾವಣೆ. ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸೋದು. ಮಾಮೂಲಿ ಡೀಸೆಲ್ ಇಂಜಿನ್‌ಗೆ ಪೆಟ್ರೋಲ್ ಇಂಜಿನ್ ಥರ ಗಾಳಿ ತಡೆಯೋ ಥ್ರಾಟಲ್ ಇಲ್ಲ. ಎಷ್ಟು ಡೀಸೆಲ್ ಹೋಗಬೇಕು ಅನ್ನೋದರ ಮೇಲೆ ಅದರ ವೇಗ ನಿಲ್ಲುತ್ತೆ. ಸ್ಟ್ರಾ ಯಾವಾಗಲೂ ತೆರೆದೇ ಇರುತ್ತೆ. ಅಂದ್ರೆ ಮ್ಯಾನಿಫೋಲ್ಡ್‌ನಿಂದ ಬ್ರೇಕ್‌ಗೆ ಬೇಕಾದ ವ್ಯಾಕಂ ಸಿಗಲ್ಲ.

ಹಾಗಾಗಿ ಡೀಸೆಲ್ ಗಾಡಿಗಳಲ್ಲಿ ಬೇರೆ ವ್ಯಾಕಂ ಪಂಪ್ ಇರುತ್ತೆ. ನಮ್ಮ ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಅದು ಆಲ್ಟರ್ನೇಟರ್ ಬೆನ್ನಿಗೇ ಅಂಟಿಕೊಂಡಿರುತ್ತೆ, ಇಂಜಿನ್ ಆಯಿಲ್ ಪೈಪ್ ಕೂಡ ಅದಕ್ಕೆ ಹೋಗುತ್ತೆ. ಗುಜರಿಯಿಂದ ಇಂಜಿನ್ ತಂದವರು ಪಂಪ್ ಇಲ್ಲದ ಅಗ್ಗದ ಆಲ್ಟರ್ನೇಟರ್ ಹಾಕಿದ್ರೆ ಬ್ಯಾಟರಿ ಚಾರ್ಜ್ ಆಗುತ್ತೆ, ಲೈಟ್ ಉರಿಯುತ್ತೆ, ಗಾಡಿ ಓಡುತ್ತೆ. ಬ್ರೇಕ್ ಬೂಸ್ಟರ್ ಮಾತ್ರ ಬರೀ ಡಬ್ಬ. ಪಂಪ್ ಇದ್ದರೂ ಬೆಲ್ಟ್ ತುಂಡಾದ್ರೆ ಚಾರ್ಜಿಂಗ್ ಜೊತೆ ಬ್ರೇಕಿನ ಸಹಾಯವೂ ಹೋಗುತ್ತೆ. ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಬ್ಯಾಟರಿ ಲೈಟ್ ಬಂದ್ರೆ "ಮನೆಗೆ ಹೋಗಿ ನೋಡಿದ್ರಾಯ್ತು" ಅನ್ನೋರು ಇದನ್ನ ನೆನಪಿಡಬೇಕು.

ನಮ್ಮೂರಿನ ಗ್ಯಾರೇಜೊಂದರಲ್ಲಿ ರಜೆಯಲ್ಲಿ ಕೂತು ಕೆಲಸ ನೋಡ್ತಿದ್ದಾಗ ಡೀಸೆಲ್ ಹಾಕಿಸಿದ ಒಂದು ಹಳೇ ಕಾರು ಬಂತು. ಪೆಡಲ್ ಗಟ್ಟಿ ಅನ್ನೋದು ಕಂಪ್ಲೇಂಟ್. ಪಂಪ್ ಚೆನ್ನಾಗೇ ಇತ್ತು. ಬೇರೆಲ್ಲೋ ಇಂಜಿನ್ ಕೂರಿಸಿದವರು ವ್ಯಾಕಂ ಪೈಪ್ ಬದಲು ಮೆತ್ತನೆ ಪೆಟ್ರೋಲ್ ಪೈಪ್ ಹಾಕಿ ಕ್ಲಿಪ್ ಬಿಗಿದಿದ್ದರು. ಬಿಸಿಗೆ ಮೆತ್ತಗಾಗಿ, ಒಳಗಿನ ಎಳೆತಕ್ಕೆ ಆ ಪೈಪ್ ಚಪ್ಪಟೆ ಆಗ್ತಿತ್ತು. ಆ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಅದನ್ನ ಕೈಯಲ್ಲಿ ಹಿಸುಕಿ ತೋರಿಸಿ, "ನೋಡಪ್ಪಾ, ಲಕ್ಷ ಕೊಟ್ಟು ಇಂಜಿನ್ ಹಾಕ್ಸವ್ರೆ, ಪೈಪ್ ತಾವ ದುಡ್ಡು ಉಳ್ಸವ್ರೆ" ಅಂದ್ರು. ನನ್ನ ಇಡೀ ಲೇಖನ ಅವರ ಆ ಒಂದು ಮಾತಲ್ಲಿದೆ.

"ತಾತನ ಕಾಲದಲ್ಲಿ ಬೂಸ್ಟರ್ ಇತ್ತಾ?"

ಈ ವಿಷಯ ತೆಗೆದಾಗಲೆಲ್ಲ ಬರೋ ಉತ್ತರ ಇದು. ಇರಲಿಲ್ಲ, ನಿಜ. ಹಳೇ ಅಂಬಾಸಿಡರ್‌ಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್, ಬೂಸ್ಟರ್ ಇಲ್ಲ, ಆದ್ರೂ ನಿಲ್ತಿದ್ದವು. ಯಾಕಂದ್ರೆ ಅವನ್ನ ಹಾಗೆ ನಿಲ್ಲೋಕೆ ಅಂತಲೇ ಡಿಸೈನ್ ಮಾಡಿದ್ದರು. ಡ್ರಮ್ ಬ್ರೇಕ್‌ನಲ್ಲಿ ತಿರುಗೋ ಡ್ರಮ್ಮೇ ಶೂ ಅನ್ನ ಇನ್ನಷ್ಟು ಒಳಗೆಳೆದು ಒತ್ತುತ್ತೆ, ಅರ್ಧ ಕೆಲಸ ಚಕ್ರವೇ ಮಾಡಿಕೊಳ್ಳುತ್ತೆ. ಪೆಡಲ್‌ನ ಲಿವರ್ ಉದ್ದ, ಮಾಸ್ಟರ್ ಸಿಲಿಂಡರ್ ಅದಕ್ಕೆ ತಕ್ಕ ಅಳತೆ, ಕಾರಿನ ವೇಗವೂ ಅಷ್ಟಕ್ಕಷ್ಟೇ.

ಡಿಸ್ಕ್ ಬ್ರೇಕ್‌ಗೆ ಹೀಗೆ ತಾನೇ ಬಿಗಿದುಕೊಳ್ಳೋ ಗುಣ ಇಲ್ಲ. ಅದಕ್ಕೆ ಜಾಸ್ತಿ ಒತ್ತಡ ಬೇಕು, ಹಾಗಾಗಿ ಸಾಮಾನ್ಯವಾಗಿ ಬೂಸ್ಟರ್ ಜೊತೆಗೇ ಬರುತ್ತೆ. ಈಗ ನಮ್ಮ ಮಾಡಿಫಿಕೇಶನ್ ನೋಡಿ: ಮುಂದಿನ ಡ್ರಮ್ ತೆಗೆದು ಡಿಸ್ಕ್, ಬೇರೆ ಕಾರಿನ ಬೂಸ್ಟರ್, ಜೊತೆಗೆ ವ್ಯಾಕಂ ಇಲ್ಲದ ಇಂಜಿನ್. ಇಂಥ ಕಾರು ತಾತನ ಕಾರಿಗಿಂತ ಕೆಟ್ಟದಾಗಿ ನಿಲ್ಲಬಹುದು. ಬೂಸ್ಟರ್ ಬೇಡ ಅನ್ನೋದಾದ್ರೆ ಪೂರ್ತಿ ಲೆಕ್ಕ ಹಾಕಿ ಮ್ಯಾನ್ಯುಯಲ್ ಬ್ರೇಕ್ ಮಾಡಿ. ಪೆಡಲ್ ಲಿವರ್ 6:1 ಹತ್ತಿರ ಬೇಕು, ಮಾಸ್ಟರ್ ಸಿಲಿಂಡರ್ ಸಣ್ಣದಾಗಬೇಕು. ಅದೂ ಒಳ್ಳೇ ದಾರಿಯೇ. ಅರ್ಧ ಸತ್ತ ಬೂಸ್ಟರ್ ಇಟ್ಟುಕೊಂಡು ಅದನ್ನ ಹಳೇ ಕಾಲದ ಬ್ರೇಕ್ ಅನ್ನೋದು ಮಾತ್ರ ದಾರಿಯೇ ಅಲ್ಲ.

ಹಾಗಾದ್ರೆ ಏನು ಮಾಡಬೇಕು?

ಮೊದಲು ಅಳೀಬೇಕು. ವ್ಯಾಕಂ ಗೇಜ್ ದುಬಾರಿ ವಸ್ತು ಅಲ್ಲ. ಬಿಸಿಯಾದ ಇಂಜಿನ್, ಐಡಲ್, ಎಷ್ಟು ಇಂಚು? 17-18 ಇದ್ದರೆ ನೆಮ್ಮದಿ. ಕಡಿಮೆ ಇದ್ದರೆ ಲೀಕ್ ನೋಡಿ. ಪಾವಗಡದ ಬಿಸಿಲಿಗೆ ಹಳೇ ರಬ್ಬರ್ ಪೈಪ್ ಬಿರುಕು ಬಿಡೋದು ದೊಡ್ಡ ವಿಷಯವೇನಲ್ಲ. ಇಗ್ನಿಷನ್ ಟೈಮಿಂಗ್ ಸರಿ ಮಾಡಿದ್ರೆ ಒಂದೆರಡು ಇಂಚು ವಾಪಸ್ ಬರಬಹುದು. ಅದೂ ಸಾಲದಿದ್ರೆ ಕ್ಯಾಮ್ ಬಗ್ಗೆ ಮತ್ತೆ ಯೋಚನೆ ಮಾಡಿ. ಊರಲ್ಲಿ ಓಡಿಸೋ ಕಾರಿಗೆ ಸಾಧಾರಣ ಕ್ಯಾಮ್ ಸಾಕು.

ಕೆಲವರು ವ್ಯಾಕಂ ಟ್ಯಾಂಕ್ ಹಾಕಿಸ್ತಾರೆ. ಅದು ನೀರಿನ ಸಂಪ್ ಇದ್ದ ಹಾಗೆ. ಒಳ್ಳೇ ವ್ಯಾಕಂ ಬಂದಾಗ ಹಿಡಿದಿಟ್ಟು ಇನ್ನೂ ಒಂದೆರಡು ಬ್ರೇಕ್‌ಗೆ ಕೊಡುತ್ತೆ. ನಲ್ಲಿಯಲ್ಲೇ ನೀರು ಬರದಿದ್ರೆ ಸಂಪ್ ಎಷ್ಟು ದೊಡ್ಡದಾದ್ರೇನು? ಜಾತ್ರೆ ರಸ್ತೆಗೆ ಅದು ಉತ್ತರ ಅಲ್ಲ. ಉತ್ತರ ಅಂದ್ರೆ ಎಲೆಕ್ಟ್ರಿಕ್ ವ್ಯಾಕಂ ಪಂಪ್. ವ್ಯಾಕಂ ಇಳಿದ ಕೂಡಲೇ ಸ್ವಿಚ್ ಆನ್ ಆಗಿ ಎಳೆದು ತುಂಬಿಸುತ್ತೆ, ಇಂಜಿನ್ ಯಾವ ಕ್ಯಾಮ್‌ನಲ್ಲಿದೆ ಅನ್ನೋದು ಅದಕ್ಕೆ ಬೇಕಾಗಿಲ್ಲ. ಎಲೆಕ್ಟ್ರಿಕ್ ಕಾರುಗಳಿಗೆ ಇಂಜಿನ್ನೇ ಇಲ್ಲವಲ್ಲ, ಅವುಗಳಲ್ಲಿ ಇಂಥ ಪಂಪ್ ಅಥವಾ ಮೋಟಾರೇ ನೇರವಾಗಿ ತಳ್ಳೋ ಬೂಸ್ಟರ್ ಇರುತ್ತೆ. ತಿರುಮಣಿಯ ಸುತ್ತ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇಟ್ಟುಕೊಂಡಿರೋ ಪಾವಗಡದ ಹುಡುಗರಿಗೆ ಈ ಪಂಪ್ ನಾಳೆಯ ಕೆಲಸವೂ ಆಗಬಹುದು.

ಕಾನೂನಿನ ಮಾತು ಬಿಟ್ಟರೆ ಲೇಖನ ಅರ್ಧ ಆಗುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದ್ದಾರೆ. ಇಂಜಿನ್ ಬದಲಿಸಬೇಕಾದ್ರೆ ಆರ್‌ಟಿಓ ಒಪ್ಪಿಗೆ ಬೇಕು. 2021ರ ವಿಂಟೇಜ್ ನಿಯಮ ಇದೆ, ಆದ್ರೆ ಅದು 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದಿರೋ ಗಾಡಿಗಳಿಗೆ. ಇಷ್ಟೆಲ್ಲ ಇದ್ದರೂ ರಸ್ತೆಯಲ್ಲಿ ಸಿಕ್ಕಿಬೀಳೋದು ಸೈಲೆನ್ಸರ್, ಟೈರು, ಬಣ್ಣ. ಕಣ್ಣಿಗೆ ಕಾಣೋದು, ಕಿವಿಗೆ ಕೇಳೋದು ಮಾತ್ರ. ವ್ಯಾಕಂ ಯಾರ ಕಣ್ಣಿಗೂ ಬೀಳಲ್ಲ.

ಸ್ವಂತ ಕಾರುಗಳಿಗೆ 15 ವರ್ಷ ಆದಮೇಲೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ತಪಾಸಣೆ ಆಗಬೇಕು. ಹಳೇ ಕಾರುಗಳೆಲ್ಲ ಈ ಬಾಗಿಲಿಗೆ ಬಂದೇ ಬರ್ತವೆ. ಕೆಎ 64 ನಂಬರ್ ಕೊಡೋ ನಮ್ಮ ಮಧುಗಿರಿ ಕಚೇರಿ ಇರಲಿ, ಬೇರೆ ಯಾವುದೇ ಇರಲಿ, ಅಲ್ಲಿ ಕೆಲವೇ ನಿಮಿಷದ ಒಂದು ಪೆಡಲ್ ಪರೀಕ್ಷೆ ಕಡ್ಡಾಯ ಆಗಬೇಕು ಅನ್ನೋದು ನನ್ನ ಅಭಿಪ್ರಾಯ. ಅದಕ್ಕೆ ಯಾವ ಯಂತ್ರವೂ ಬೇಡ. ಇಂಜಿನ್ ಆಫ್ ಮಾಡಿ ಬ್ರೇಕ್ ಪೆಡಲ್ ಅನ್ನ ಗಟ್ಟಿಯಾಗೋವರೆಗೆ ನಾಲ್ಕೈದು ಸಲ ಒತ್ತಬೇಕು. ಕಾಲು ಅಲ್ಲೇ ಇಟ್ಟು ಇಂಜಿನ್ ಸ್ಟಾರ್ಟ್ ಮಾಡಬೇಕು. ಪೆಡಲ್ ತಾನಾಗೇ ಒಂದು ಚೂರು ಕೆಳಗೆ ಇಳಿದ್ರೆ ಬೂಸ್ಟರ್‌ಗೆ ವ್ಯಾಕಂ ಬರ್ತಿದೆ. ಆಮೇಲೆ ಇಂಜಿನ್ ಆಫ್ ಮಾಡಿ ಎರಡು ನಿಮಿಷ ಬಿಟ್ಟು ಒತ್ತಿ ನೋಡಬೇಕು. ಎರಡು ಸಲವಾದ್ರೂ ಮೆತ್ತಗೆ ಇಳಿದ್ರೆ ಚೆಕ್ ವಾಲ್ವ್ ಸರಿಯಾಗಿದೆ.

ಅಲ್ಲಿವರೆಗೆ ಕಾಯೋದು ಬೇಡ, ನಮ್ಮ ಫೆಸ್ಟ್‌ನಿಂದಲೇ ಶುರು ಮಾಡಬಹುದು. ಆಟೋ ಶೋನಲ್ಲಿ ಪ್ರತಿ ಕಾರಿನ ಮುಂದೆ ಒಂದು ಬೋರ್ಡ್ ಇಡ್ತೀವಿ: ಮಾಡೆಲ್, ಸಿಸಿ, ಹಾರ್ಸ್‌ಪವರ್. ಅದರ ಕೆಳಗೆ ಇನ್ನೂ ಎರಡು ಸಾಲು ಸೇರಿಸೋಣ: ಬಿಸಿ ಐಡಲ್‌ನಲ್ಲಿ ವ್ಯಾಕಂ ಎಷ್ಟು ಇಂಚು, ಇಂಜಿನ್ ಆಫ್ ಆದಮೇಲೆ ಎಷ್ಟು ಬ್ರೇಕ್ ಸಿಗುತ್ತೆ. ಅಳೆಯೋ ಕೆಲಸ ಮೆಕ್ಯಾನಿಕಲ್ ಎರಡನೇ ವರ್ಷದವರು ಮಾಡ್ತೀವಿ. ಗೇಜ್‌ಗೆ ದುಡ್ಡು ಕನ್ನಡ ಸಂಘದಿಂದ ಕೊಡಿ ಅಂತ ಅಧ್ಯಕ್ಷರನ್ನ ಆಗಲೇ ಕೇಳಿದ್ದೀನಿ, "ನೋಡೋಣ" ಅಂದಿದ್ದಾರೆ. ಈ ಲೇಖನ ಓದಿದವರೆಲ್ಲ ಅವರನ್ನ ಇನ್ನೊಂದ್ಸಲ ಕೇಳಿ.